ಬೆಳಗಿನ ಟಿಕ್ ಟಿಕ್ ಸದ್ದು: ಕಾರಿನ ಹೊಗೆಕೊಳವೆಯ ಸೋರಿಕೆಯನ್ನು ಮನೆಯಲ್ಲಿಯೇ ಕಂಡುಹಿಡಿಯುವ ಬಗೆ

ರಾತ್ರಿಯೆಲ್ಲ ಮನೆಯ ಮುಂದೆ ನಿಂತಿದ್ದ ಹಳೆಯ ಕಾರೊಂದನ್ನು ಬೆಳಗ್ಗೆ ಚಾಲೂ ಮಾಡುತ್ತೇವೆ. ಬಾನೆಟ್ಟಿನ ಕೆಳಗಿನಿಂದ, ಹೊಲಿಗೆಯ ಯಂತ್ರ ಓಡುತ್ತಿರುವಂತೆ, ‘ಟಿಕ್ ಟಿಕ್ ಟಿಕ್’ ಎಂಬ ಸದ್ದು ಕೇಳಿಬರುತ್ತದೆ. ಆಕ್ಸಿಲರೇಟರನ್ನು ಒತ್ತಿದರೆ ಸದ್ದು ಬಿರುಸಾಗುತ್ತದೆ; ಬಿಟ್ಟರೆ ನಿಧಾನವಾಗುತ್ತದೆ. ಕಾರು ನಾಲ್ಕಾರು ಕಿಲೋಮೀಟರ್ ಓಡಿ ಎಂಜಿನ್ನು ಚೆನ್ನಾಗಿ ಕಾಯುವ ಹೊತ್ತಿಗೆ ಸದ್ದು ತಾನಾಗಿಯೇ ಅಡಗಿಹೋಗುತ್ತದೆ. “ತಣ್ಣಗಿರುವಾಗ ಸ್ವಲ್ಪ ಗೊಣಗುತ್ತದೆ, ಕಾದ ಮೇಲೆ ಸರಿಹೋಗುತ್ತದೆ” ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಮಾರನೆಯ ದಿನ ಬೆಳಗ್ಗೆ ಅದೇ ಸದ್ದು ಮತ್ತೆ ಹುಟ್ಟುತ್ತದೆ.

ಸದ್ದು ಅಡಗಿತೆಂದರೆ ದೋಷವೂ ಅಡಗಿತೆಂದು ತಿಳಿಯಬಹುದೆ? ಆ ಸದ್ದು ಹುಟ್ಟುವುದಾದರೂ ಏಕೆ? ಕಾದ ಮೇಲೆ ಮಾಯವಾಗುವುದಾದರೂ ಏಕೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ, ತರಗತಿಯಲ್ಲಿ ನಾವು ಬೇರೆಬೇರೆಯಾಗಿ ಓದಿದ ದಹನ, ಉಷ್ಣದಿಂದ ಲೋಹಗಳು ಹಿಗ್ಗುವಿಕೆ, ಶಬ್ದ, ವಾಯುವಿನ ಒತ್ತಡ ಇವೆಲ್ಲವೂ ಒಂದೇ ಬಾನೆಟ್ಟಿನ ಕೆಳಗೆ ಕೂಡಿಬಂದಿರುವುದನ್ನು ಕಾಣುತ್ತೇವೆ. ಅದಕ್ಕಿಂತಲೂ ಮುಖ್ಯವಾಗಿ, ಈ ಸಣ್ಣ ಸದ್ದನ್ನು ಅಲಕ್ಷ್ಯ ಮಾಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದೆಂಬುದೂ ತಿಳಿದುಬರುತ್ತದೆ.

ಹೊಗೆಯ ಹಾದಿ

ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಾಲ್ಕು ಕ್ರಿಯೆಗಳು ಒಂದರ ಹಿಂದೆ ಒಂದರಂತೆ ನಡೆಯುತ್ತವೆ. ಪಿಸ್ಟನ್ನು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅದನ್ನು ಅದುಮುತ್ತದೆ, ಕಿಡಿ ತಾಗಿದ ಮಿಶ್ರಣ ಉರಿದು ಪಿಸ್ಟನ್ನನ್ನು ತಳ್ಳುತ್ತದೆ, ಕೊನೆಗೆ ಸುಟ್ಟ ಅನಿಲವನ್ನು ಪಿಸ್ಟನ್ನು ಹೊರದೂಡುತ್ತದೆ. ಈ ನಾಲ್ಕು ಕ್ರಿಯೆಗಳು ಮುಗಿಯುವ ವೇಳೆಗೆ ಎಂಜಿನ್ನಿನ ದಂಡವು ಎರಡು ಸುತ್ತು ತಿರುಗಿರುತ್ತದೆ.

ಹೊರಬಿದ್ದ ಅನಿಲವು ಮೊದಲು ಸೇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಬ ಕವಲುಕೊಳವೆಯನ್ನು. ಕೈಬೆರಳುಗಳು ಅಂಗೈಯಲ್ಲಿ ಕೂಡುವಂತೆ, ಒಂದೊಂದು ಸಿಲಿಂಡರಿನಿಂದ ಬಂದ ಕವಲು ಇಲ್ಲಿ ಒಂದಾಗುತ್ತದೆ. ಮ್ಯಾನಿಫೋಲ್ಡನ್ನು ಎಂಜಿನ್ನಿನ ತಲೆಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ನಡುವೆ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆಯಿರುತ್ತದೆ. ಅಲ್ಲಿಂದ ಅನಿಲವು ಕ್ಯಾಟಲಿಟಿಕ್ ಕನ್ವರ್ಟರನ್ನು ಹೊಕ್ಕು, ಉದ್ದವಾದ ಕೊಳವೆಯಲ್ಲಿ ಸಾಗಿ, ಸೈಲೆನ್ಸರನ್ನು ದಾಟಿ ಕಾರಿನ ಹಿಂಬದಿಯಲ್ಲಿ ಹೊರಬೀಳುತ್ತದೆ. ಎಂಜಿನ್ನಿನ ಅಲುಗಾಟ ಕೊಳವೆಯನ್ನು ಮುರಿಯದಿರಲೆಂದು ನಡುವೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳುಳ್ಳ ಬಾಗುವ ತುಂಡೊಂದನ್ನು ಜೋಡಿಸಿರುವುದೂ ಉಂಟು. ಗ್ಯಾಸ್ಕೆಟ್ಟು, ಬೋಲ್ಟು ಹಾಕಿದ ಜೋಡಣೆಗಳು, ಬೆಸುಗೆಗಳು, ಈ ಬಾಗುವ ತುಂಡು, ತುಕ್ಕು ಹಿಡಿಯುವ ಸೈಲೆನ್ಸರು ಇವೇ ಸೋರಿಕೆಯ ತವರುಗಳು.

ಸೈಲೆನ್ಸರಿಗೆ ತುಕ್ಕು ಹಿಡಿಸುವ ನೀರು ಎಲ್ಲಿಂದ ಬರುತ್ತದೆಂದು ವಾಚಕರು ಕೇಳಬಹುದು. ಪೆಟ್ರೋಲಿನಲ್ಲಿ ಇಂಗಾಲವೂ ಜಲಜನಕವೂ ಇವೆ. ಉರಿಯುವಾಗ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ! ಕೊಳವೆ ಕಾದಿದ್ದರೆ ಅದು ಆವಿಯಾಗಿಯೇ ಹೊರಹೋಗುತ್ತದೆ. ತಣ್ಣಗಿದ್ದರೆ ಒಳಗಡೆಯೇ ಹನಿಯಾಗಿ ನಿಲ್ಲುತ್ತದೆ. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಸೈಲೆನ್ಸರು, ದೂರ ಓಡುವ ಕಾರಿನದಕ್ಕಿಂತ ಬೇಗ ಒಳಗಿನಿಂದ ತುಕ್ಕು ತಿನ್ನುವುದು ಈ ಕಾರಣದಿಂದಲೇ.

ಸದ್ದಿನ ಲೆಕ್ಕ

ನಮ್ಮ ಕಾರಿಗೆ ನಾಲ್ಕು ಸಿಲಿಂಡರುಗಳಿವೆಯೆಂದೂ, ನಿಂತಲ್ಲಿಯೇ ಓಡುವಾಗ ಅದರ ಎಂಜಿನ್ನು ನಿಮಿಷಕ್ಕೆ ೯೦೦ ಸುತ್ತು ತಿರುಗುತ್ತದೆಂದೂ ಇಟ್ಟುಕೊಳ್ಳೋಣ. ಎರಡು ಸುತ್ತಿಗೆ ಒಮ್ಮೆ ಒಂದು ಸಿಲಿಂಡರು ಅನಿಲವನ್ನು ಹೊರದೂಡುವುದಾದರೆ, ಆ ಒಂದು ಸಿಲಿಂಡರಿನಿಂದ ನಿಮಿಷಕ್ಕೆ ೪೫೦ ಬಾರಿ, ಎಂದರೆ ಸೆಕೆಂಡಿಗೆ ೭.೫ ಬಾರಿ, ಅನಿಲವು ಹೊರಚಿಮ್ಮುತ್ತದೆ. ನಾಲ್ಕೂ ಸಿಲಿಂಡರುಗಳು ಸೇರಿದರೆ ಸೆಕೆಂಡಿಗೆ ೩೦ ಚಿಮ್ಮುಗಳು.

ಈಗ ಒಂದೇ ಸಿಲಿಂಡರಿನ ಕವಲು ಎಂಜಿನ್ನಿಗೆ ಸೇರುವ ಜಾಗದಲ್ಲಿ ಗ್ಯಾಸ್ಕೆಟ್ಟು ಹರಿದಿದೆಯೆಂದು ಭಾವಿಸೋಣ. ಅಲ್ಲಿಂದ ಮುಖ್ಯವಾಗಿ ಆ ಒಂದು ಸಿಲಿಂಡರಿನ ಚಿಮ್ಮುಗಳೇ ಹೊರಬೀಳುತ್ತವೆ. ಸೆಕೆಂಡಿಗೆ ಏಳೆಂಟು ಪೆಟ್ಟುಗಳನ್ನು ನಮ್ಮ ಕಿವಿ ಬಿಡಿಬಿಡಿಯಾಗಿ ಗುರುತಿಸಬಲ್ಲದು. ಅದೇ ‘ಟಿಕ್ ಟಿಕ್’. ಸೋರಿಕೆಯು ಎಲ್ಲ ಕವಲುಗಳೂ ಕೂಡಿದ ಮೇಲೆ, ಸೈಲೆನ್ಸರಿನ ಬಳಿ ಇದ್ದರೆ, ಸೆಕೆಂಡಿಗೆ ೩೦ ಪೆಟ್ಟುಗಳು ಒಂದಕ್ಕೊಂದು ಬೆಸೆದುಕೊಂಡು ‘ಬುರ್‌ರ್’ ಎಂಬ ಎಡೆಬಿಡದ ಒರಟು ಸದ್ದಾಗಿ ಕೇಳಿಸುತ್ತವೆ. ಸೆಕೆಂಡಿಗೆ ಸುಮಾರು ೨೦ಕ್ಕಿಂತ ಹೆಚ್ಚಾದ ಪೆಟ್ಟುಗಳನ್ನು ಕಿವಿಯು ಬಿಡಿಸಿ ಕೇಳಲಾರದು. ಹೀಗೆ, ಸೋರಿಕೆ ಎಂಜಿನ್ನಿನ ಹತ್ತಿರವೋ ದೂರವೋ ಎಂಬುದನ್ನು ಸದ್ದಿನ ಬಗೆಯೇ ಒಂದು ಮಟ್ಟಿಗೆ ಹೇಳಿಬಿಡುತ್ತದೆ.

ಆದರೆ ಒಂದು ಎಚ್ಚರಿಕೆ. ಎಂಜಿನ್ನಿನ ವಾಲ್ವುಗಳನ್ನು ಎತ್ತಿ ಇಳಿಸುವ ಭಾಗಗಳು ಸವೆದರೂ ಇದೇ ಲಯದಲ್ಲಿ ಟಿಕ್ ಟಿಕ್ ಎನ್ನುತ್ತವೆ. ಏಕೆಂದರೆ ಅವೂ ಎರಡು ಸುತ್ತಿಗೆ ಒಮ್ಮೆಯೇ ಕೆಲಸ ಮಾಡುತ್ತವೆ. ಆದುದರಿಂದ ಸದ್ದು ಅನುಮಾನಕ್ಕೆ ಆಧಾರವೇ ಹೊರತು ಸಿದ್ಧಾಂತಕ್ಕೆ ಅಲ್ಲ. ಬೇರೆ ಸಾಕ್ಷಿಗಳೂ ಬೇಕು.

ಕಾದಾಗ ಮುಚ್ಚಿಕೊಳ್ಳುವ ಬಿರುಕು

ಇನ್ನು, ಕಾದ ಮೇಲೆ ಸದ್ದು ಅಡಗುವುದೇಕೆ? ಎರಕದ ಕಬ್ಬಿಣವು ಒಂದು ಡಿಗ್ರಿ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೧೨ ಪಾಲಿನಷ್ಟು ಹಿಗ್ಗುತ್ತದೆ. ೪೦ ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡು ೪೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾದರೆ ಸುಮಾರು ೨ ಮಿಲಿಮೀಟರ್ ಉದ್ದವಾಗುತ್ತದೆ. ಅದನ್ನು ಬಿಗಿದಿರುವ ಎಂಜಿನ್ನಿನ ತಲೆಯಾದರೋ ಹೆಚ್ಚಿನ ಕಾರುಗಳಲ್ಲಿ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಮ್ಮು ಪ್ರತಿ ಡಿಗ್ರಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದು ನಿಜ. ಆದರೆ ಅದರ ಸುತ್ತ ನೀರು ಹರಿಯುತ್ತಿರುವುದರಿಂದ ಅದು ಅಷ್ಟೊಂದು ಕಾಯುವುದಿಲ್ಲ. ೭೦ ಡಿಗ್ರಿ ಮಾತ್ರ ಹೆಚ್ಚು ಕಾಯಿತೆಂದರೆ ಅದೇ ೪೦ ಸೆಂಟಿಮೀಟರಿಗೆ ಅದು ಹಿಗ್ಗುವುದು ಮಿಲಿಮೀಟರಿನ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ.

ಒಂದಕ್ಕೊಂದು ಬಿಗಿದ ಎರಡು ಲೋಹಗಳಲ್ಲಿ ಒಂದು ೨ ಮಿಲಿಮೀಟರ್ ಬೆಳೆದು ಇನ್ನೊಂದು ಅದರ ಮೂರರಲ್ಲೊಂದು ಮಾತ್ರ ಬೆಳೆದರೆ, ನಡುವೆ ಸಿಕ್ಕಿದ ಗ್ಯಾಸ್ಕೆಟ್ಟು ಪ್ರತಿದಿನವೂ ಉಜ್ಜಿಸಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಹೀಗೆ ನಡೆದು ಗ್ಯಾಸ್ಕೆಟ್ಟು ಸವೆಯುತ್ತದೆ, ಬೋಲ್ಟುಗಳು ಸಡಿಲವಾಗುತ್ತವೆ ಅಥವಾ ಮುರಿಯುತ್ತವೆ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ತಣ್ಣಗಿರುವಾಗ ಈ ಸಂದುಗಳು ತೆರೆದಿರುತ್ತವೆ. ಲೋಹವು ಹಿಗ್ಗಿದಾಗ ಅಂಚುಗಳು ಒಂದನ್ನೊಂದು ಒತ್ತಿ ಮುಚ್ಚಿಕೊಳ್ಳುತ್ತವೆ. ಸದ್ದು ಅಡಗಿದ ಮಾತ್ರಕ್ಕೆ ಬಿರುಕು ಕೂಡಿಕೊಂಡಿತೆಂದಲ್ಲ. ಎಂಜಿನ್ನು ಆರಿದೊಡನೆ ಅದು ಮತ್ತೆ ಬಾಯಿ ತೆರೆಯುತ್ತದೆ.

ಇಲ್ಲಿಯೇ ಈ ವಿಷಯದ ತಿರುಳಿದೆ. ಸೋರಿಕೆ ದೊಡ್ಡದಾಗಿರುವುದು ಯಾವಾಗ? ಎಂಜಿನ್ನು ತಣ್ಣಗಿರುವಾಗ. ಹೊರಬರುವ ಅನಿಲವು ಅತ್ಯಂತ ವಿಷಮಯವಾಗಿರುವುದು ಯಾವಾಗ? ಅದೂ ಎಂಜಿನ್ನು ತಣ್ಣಗಿರುವಾಗಲೇ. ಎರಡನೆಯ ಮಾತನ್ನು ಈಗ ವಿವರಿಸೋಣ.

ವಾಸನೆಯಿಲ್ಲದ ವಿಷ

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೫ ಕಿಲೋಗ್ರಾಂ ಗಾಳಿ ಬೇಕು. ಗಾಳಿ ಸಾಕಷ್ಟಿದ್ದರೆ ಇಂಗಾಲವು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸಾಲದಿದ್ದರೆ ಅದರಲ್ಲೊಂದು ಭಾಗ ಅರೆಬೆಂದು ಕಾರ್ಬನ್ ಮಾನಾಕ್ಸೈಡ್ ಆಗಿ ಉಳಿಯುತ್ತದೆ. ತಣ್ಣನೆಯ ಲೋಹದ ಮೇಲೆ ಬಿದ್ದ ಪೆಟ್ರೋಲು ಸರಿಯಾಗಿ ಆವಿಯಾಗದ ಕಾರಣ, ಬೆಳಗಿನ ಹೊತ್ತು ಎಂಜಿನ್ನಿಗೆ ಪೆಟ್ರೋಲನ್ನು ಬೇಕೆಂದೇ ಹೆಚ್ಚಾಗಿ ಉಣಿಸಲಾಗುತ್ತದೆ. ಆಗ ಮಾನಾಕ್ಸೈಡು ಹೆಚ್ಚು ಹುಟ್ಟುತ್ತದೆ.

ಇದನ್ನು ಡೈಆಕ್ಸೈಡಾಗಿ ಮಾರ್ಪಡಿಸುವುದಕ್ಕಾಗಿಯೇ ಕ್ಯಾಟಲಿಟಿಕ್ ಕನ್ವರ್ಟರನ್ನು ಇಟ್ಟಿರುವುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳನ್ನು ಬಳಿದ ಸಣ್ಣ ಸಣ್ಣ ರಂಧ್ರಗಳ ಮೂಲಕ ಅನಿಲವು ಹಾಯುವಾಗ ಈ ಮಾರ್ಪಾಡು ನಡೆಯುತ್ತದೆ. ನಮ್ಮ ದೇಶದಲ್ಲಿ ೧೯೯೫ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಬಳಿಕ ದೇಶಕ್ಕೆಲ್ಲ ಹರಡಿತು. ಆದರೆ ಈ ಕನ್ವರ್ಟರು ಸುಮಾರು ೨೫೦ರಿಂದ ೩೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯುವವರೆಗೆ ಸರಿಯಾಗಿ ಕೆಲಸ ಮಾಡದು. ಅದೂ ಅಲ್ಲದೆ, ಮ್ಯಾನಿಫೋಲ್ಡಿನ ಸೋರಿಕೆ ಕನ್ವರ್ಟರಿಗಿಂತ ಮುಂಚೆಯೇ ಇರುವುದರಿಂದ, ಅಲ್ಲಿ ಹೊರಬಿದ್ದ ಅನಿಲವು ಶುದ್ಧಿಯಾಗುವ ಪ್ರಶ್ನೆಯೇ ಇಲ್ಲ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೊಗೆಯ ವಾಸನೆ ಬಂದರೆ ಅದು ಜೊತೆಗಿರುವ ಬೇರೆ ಪದಾರ್ಥಗಳದು. ‘ವಾಸನೆಯಿಲ್ಲ, ಆದುದರಿಂದ ಅಪಾಯವಿಲ್ಲ’ ಎಂಬ ತರ್ಕ ಇಲ್ಲಿ ನಡೆಯದು. ಈ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದುಕೊಂಡು ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆಂಬುದನ್ನು ಫ್ರಾನ್ಸಿನ ಶರೀರವಿಜ್ಞಾನಿ ಕ್ಲೋದ್ ಬರ್ನಾರ್ ೧೮೫೭ರ ಸುಮಾರಿಗೆ ತೋರಿಸಿಕೊಟ್ಟನು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ೧೮೯೫ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ, ತನ್ನ ಮೇಲಾಗುವ ಪರಿಣಾಮಗಳನ್ನು ಅಳೆದು ಬರೆದಿಟ್ಟನು. ಗಣಿಗಳಲ್ಲಿ ವಿಷವಾಯುವಿನ ಮುನ್ಸೂಚನೆಗೆ ಸಣ್ಣ ಪ್ರಾಣಿಗಳನ್ನು ಒಯ್ಯಬೇಕೆಂದು ಸೂಚಿಸಿದವನೂ ಅವನೇ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು ೧೯೮೬ರವರೆಗೂ ಈ ಕೆಲಸ ಮಾಡುತ್ತಿದ್ದುವು.

ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಮಾನಾಕ್ಸೈಡಿನ ಮೇಲೆ ೨೦೦ರಿಂದ ೨೫೦ ಪಟ್ಟು ಹೆಚ್ಚು ಒಲವು. ಲೆಕ್ಕಕ್ಕೆ ೨೧೦ ಎಂದಿಟ್ಟುಕೊಳ್ಳೋಣ. ಗಾಳಿಯಲ್ಲಿ ಆಮ್ಲಜನಕ ಶೇಕಡಾ ೨೧. ಹಾಗಾದರೆ ಅದರ ೨೧೦ರಲ್ಲಿ ಒಂದು ಪಾಲು, ಎಂದರೆ ಶೇಕಡಾ ೦.೧ರಷ್ಟು ಮಾನಾಕ್ಸೈಡು, ಹಿಮೋಗ್ಲೋಬಿನ್ನಿಗಾಗಿ ಆಮ್ಲಜನಕದೊಡನೆ ಸರಿಸಮನಾಗಿ ಸ್ಪರ್ಧಿಸಬಲ್ಲದು! ಸಾವಿರ ಲೋಟ ಗಾಳಿಗೆ ಒಂದು ಲೋಟ ಮಾನಾಕ್ಸೈಡು ಬೆರೆತರೆ, ಕೆಲವು ಗಂಟೆಗಳಲ್ಲಿ ರಕ್ತದ ಅರ್ಧದಷ್ಟು ಹಿಮೋಗ್ಲೋಬಿನ್ನು ನಿರುಪಯುಕ್ತವಾಗುತ್ತದೆ. ಅದು ಪ್ರಾಣಾಂತಿಕವಾದ ಸ್ಥಿತಿ.

ಮುಚ್ಚಿದ ಕಾರುಮನೆಯಲ್ಲಿ ಎಷ್ಟು ಹೊತ್ತು?

೬ ಮೀಟರ್ ಉದ್ದ, ೩ ಮೀಟರ್ ಅಗಲ, ೨.೫ ಮೀಟರ್ ಎತ್ತರದ ಕಾರುಮನೆಯಲ್ಲಿ ೪೫ ಘನಮೀಟರ್, ಎಂದರೆ ೪೫,೦೦೦ ಲೀಟರ್ ಗಾಳಿಯಿದೆ. ಇದರ ಶೇಕಡಾ ೦.೧ ಎಂದರೆ ೪೫ ಲೀಟರ್. ೧.೨ ಲೀಟರಿನ ಎಂಜಿನ್ನು ನಿಮಿಷಕ್ಕೆ ೯೦೦ ಸುತ್ತಿನಲ್ಲಿ ೪೫೦ ಬಾರಿ ಉಸಿರೆಳೆದು ಬಿಡುತ್ತದೆ. ಪೂರ್ತಿ ತುಂಬಿಕೊಂಡರೆ ಅದು ನಿಮಿಷಕ್ಕೆ ೫೪೦ ಲೀಟರ್ ಆದೀತು; ನಿಂತಲ್ಲಿ ಓಡುವಾಗ ಸುಮಾರು ಮೂರರಲ್ಲೊಂದು ತುಂಬುತ್ತದೆಂದರೆ ೧೮೦ ಲೀಟರ್. ತಣ್ಣನೆಯ ಎಂಜಿನ್ನಿನ ಈ ಉಸಿರಿನಲ್ಲಿ ಶೇಕಡಾ ೩ರಷ್ಟು ಮಾನಾಕ್ಸೈಡಿದೆಯೆಂದು ಭಾವಿಸಿದರೆ, ನಿಮಿಷಕ್ಕೆ ೫ ಲೀಟರಿಗಿಂತ ಹೆಚ್ಚಾಯಿತು. ೪೫ ಲೀಟರ್ ತುಂಬಲು ಎಂಟೊಂಬತ್ತು ನಿಮಿಷ ಸಾಕು! ಆ ಮೇಲೂ ಎಂಜಿನ್ನು ಓಡುತ್ತಿದ್ದರೆ ಪ್ರಮಾಣವು ಏರುತ್ತಲೇ ಹೋಗುತ್ತದೆ.

ಇದು ಅಂದಾಜಿನ ಲೆಕ್ಕವಾದರೂ ಇದರಿಂದ ಒಂದು ಕಟ್ಟಪ್ಪಣೆ ಹೊರಡುತ್ತದೆ: ಕಾರುಮನೆಯೊಳಗೆ, ಬಾಗಿಲು ತೆರೆದಿದ್ದರೂ ಸಹ, ಎಂಜಿನ್ನನ್ನು ಓಡಿಸಿ ಪರೀಕ್ಷೆ ಮಾಡಕೂಡದು. ಕಾರನ್ನು ಬಯಲಿಗೆ ತರಬೇಕು.

ಓಡುವ ಕಾರಿನಲ್ಲಿಯೂ ಅಪಾಯ ತಪ್ಪಿದ್ದಲ್ಲ. ಕಾರಿನೊಳಕ್ಕೆ ಹೊಸ ಗಾಳಿಯನ್ನು ಎಳೆದುಕೊಳ್ಳುವ ಬಾಯಿಯು ಸಾಮಾನ್ಯವಾಗಿ ಬಾನೆಟ್ಟಿನ ಹಿಂಬದಿಯಲ್ಲಿ, ಮುಂಗಾಜಿನ ಬುಡದಲ್ಲಿರುತ್ತದೆ. ಮ್ಯಾನಿಫೋಲ್ಡಿನಿಂದ ಸೋರಿದ ಅನಿಲಕ್ಕೆ ಅದು ಹತ್ತಿರದ ಹೆಬ್ಬಾಗಿಲು. ಕಾರು ಓಡುವಾಗ ಅದರ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿಗಳೇಳುವುದರಿಂದ, ಡಿಕ್ಕಿಯ ಮುಚ್ಚಳವನ್ನು ತೆರೆದುಕೊಂಡು ಹೋದರೆ ಹಿಂಗೊಳವೆಯ ಹೊಗೆಯೂ ಒಳಕ್ಕೆ ಸೆಳೆಯಲ್ಪಡುತ್ತದೆ.

ಎಂಜಿನ್ನಿಗೂ ನಷ್ಟವಿದೆ. ಎರಡು ಚಿಮ್ಮುಗಳ ನಡುವೆ ಕೊಳವೆಯಲ್ಲಿ ಒತ್ತಡವು ಕ್ಷಣಕಾಲ ಹೊರಗಿನದಕ್ಕಿಂತ ಕಡಿಮೆಯಾದಾಗ ಸಂದಿನಿಂದ ಗಾಳಿಯು ಒಳನುಗ್ಗುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಈ ಗಾಳಿಯನ್ನು ಕಂಡು, ಪೆಟ್ರೋಲು ಸಾಲದಾಗಿದೆಯೆಂದು ತಪ್ಪಾಗಿ ವರದಿ ಮಾಡುತ್ತದೆ. ಎಂಜಿನ್ನಿಗೆ ಬೇಡದ ಪೆಟ್ರೋಲು ಸುರಿಯುತ್ತದೆ. ಸೋರುವುದು ಹೊಗೆ, ಖಾಲಿಯಾಗುವುದು ಕಿಸೆ!

ಮೂರು ಪರೀಕ್ಷೆಗಳು

ಅಪಾಯವು ತಣ್ಣನೆಯ ಎಂಜಿನ್ನಿನದಾದರೆ, ಅದನ್ನು ಹಿಡಿಯುವ ಸಮಯವೂ ಅದೇ. ರಾತ್ರಿಯೆಲ್ಲ ಆರಿದ ಕಾರನ್ನು ಬೆಳಗ್ಗೆ ಬಯಲಿನಲ್ಲಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿಕೊಳ್ಳಬೇಕು. ಹ್ಯಾಂಡ್‌ಬ್ರೇಕು ಹಾಕಿ, ಗಿಯರನ್ನು ನ್ಯೂಟ್ರಲಿನಲ್ಲಿಟ್ಟು, ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಬೇಕು. ಮನೆಯ ಹಿರಿಯರೊಬ್ಬರು ಜೊತೆಗಿರಬೇಕು. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಕಾರಿನ ಕೆಳಗೆ ಯಾವ ಕಾರಣಕ್ಕೂ ತೂರಕೂಡದು. ನಮ್ಮ ಪರೀಕ್ಷೆಗಳಿಗೆ ಅದರ ಅಗತ್ಯವೂ ಇಲ್ಲ.

ಮೊದಲನೆಯದು ಕಣ್ಣಿನ ಪರೀಕ್ಷೆ. ಎಂಜಿನ್ನು ನಿಂತಿರುವಾಗಲೇ ಟಾರ್ಚಿನ ಬೆಳಕಿನಲ್ಲಿ ಮ್ಯಾನಿಫೋಲ್ಡಿನ ಅಂಚನ್ನು ನೋಡುತ್ತ ಹೋಗಬೇಕು. ಕೆಲವು ಕಾರುಗಳಲ್ಲಿ ಅದರ ಮೇಲೆ ತಗಡಿನ ಹೊದಿಕೆಯಿರುತ್ತದೆ. ಆಗ ಸಂದಿನಿಂದ ಇಣುಕಬೇಕು. ಸೋರಿದ ಅನಿಲವು ತನ್ನ ದಾರಿಯಲ್ಲಿ ಮಸಿಯನ್ನು ಬಿಟ್ಟುಹೋಗುತ್ತದೆ. ಜೋಡಣೆಯಿಂದ ಹೊರಟು ಬೀಸಣಿಗೆಯಂತೆ ಹರಡಿದ ಕಪ್ಪು ಅಥವಾ ಬೂದುಬಣ್ಣದ ಗೆರೆ ಕಂಡರೆ ಅದರ ಮೂಲದಲ್ಲಿ ಸೋರಿಕೆಯಿದೆ. ಬೋಲ್ಟಿನ ತಲೆಯೊಂದು ಮುರಿದುಬಿದ್ದು ಬರಿಯ ತೂತು ಉಳಿದಿರುವುದೂ ಕಾಣಬಹುದು. ಕಾರಿನ ಅಡಿಭಾಗವನ್ನು ನೋಡಲು, ದೀಪ ಉರಿಸಿದ ಮೊಬೈಲ್ ಫೋನನ್ನು ಉದ್ದನೆಯ ಕೋಲಿಗೆ ಕಟ್ಟಿ ಪಕ್ಕದಿಂದ ಒಳಕ್ಕೆ ಸರಿಸಿ ಚಿತ್ರ ತೆಗೆದುಕೊಂಡರೆ ಸಾಕು.

ಎರಡನೆಯದು ಸಾಬೂನಿನ ನೊರೆಯ ಪರೀಕ್ಷೆ. ಇದೇ ಅತ್ಯಂತ ನಂಬಿಕೆಗೆ ಅರ್ಹವಾದದ್ದು. ಇದರಲ್ಲಿ ಎಂಜಿನ್ನನ್ನು ಓಡಿಸುವುದೇ ಇಲ್ಲವಾದುದರಿಂದ ವಿಷವಾಯುವಿನ ಭಯವೂ ಇಲ್ಲ. ಸೈಕಲ್ ಟ್ಯೂಬಿನ ತೂತನ್ನು ನೀರಿನಲ್ಲಿ ಮುಳುಗಿಸಿ ಹುಡುಕುವುದನ್ನು ಎಲ್ಲರೂ ನೋಡಿದ್ದೇವೆ. ತತ್ತ್ವ ಅದೇ, ಕಾರನ್ನು ಮುಳುಗಿಸಲಾಗದ ಕಾರಣ ನೀರನ್ನೇ ಕಾರಿನ ಬಳಿಗೆ ಒಯ್ಯುತ್ತೇವೆ. ಧೂಳು ಊದುವ ವಿದ್ಯುತ್ ಬ್ಲೋವರನ್ನಾಗಲಿ, ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ಬಾಯಿಗೆ ಜೋಡಿಸಿದ ಕೊಳವೆಯನ್ನಾಗಲಿ ಕಾರಿನ ಹಿಂಗೊಳವೆಗೆ ಹಿಡಿದು, ಸುತ್ತಲೂ ಬಟ್ಟೆ ಸುತ್ತಿ ಗಾಳಿಯನ್ನು ಒಳಕ್ಕೆ ಊದಬೇಕು. ಟಯರಿಗೆ ಗಾಳಿ ತುಂಬುವ ಯಂತ್ರ ಬೇಡ. ಅದರ ಒತ್ತಡ ಅತಿಯಾದೀತು. ಒಂದು ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ಕುಂಚದಿಂದ ಒಂದೊಂದು ಜೋಡಣೆಗೂ ಹಚ್ಚಬೇಕು. ಸೋರಿಕೆಯಿರುವಲ್ಲಿ ಗುಳ್ಳೆಗಳು ಉಬ್ಬಿ ಏಳುತ್ತವೆ. ವಿದ್ಯುತ್ ಸಾಧನದಲ್ಲಿ ಕಿಡಿಗಳು ಏಳುವುದುಂಟಾದುದರಿಂದ, ಪೆಟ್ರೋಲಿನ ವಾಸನೆ ಇದ್ದಲ್ಲಿ ಈ ಪರೀಕ್ಷೆಗೆ ಕೈಹಾಕಬಾರದು. ಊದುಬತ್ತಿಯ ಹೊಗೆ ಎತ್ತ ಬಾಗುವುದೆಂದು ನೋಡುವ ಆಸೆ ಕೆಲವರಿಗೆ ಹುಟ್ಟಬಹುದು. ಪೆಟ್ರೋಲಿನ ನಾಳಗಳಿರುವಲ್ಲಿ ಬೆಂಕಿಯ ಕೆಂಡವನ್ನು ಒಯ್ಯುವುದು ವಿವೇಕವಲ್ಲ.

ಮೂರನೆಯದು ಕಿವಿಯ ಪರೀಕ್ಷೆ. ಒಂದು ಮೀಟರ್ ಉದ್ದದ ರಬ್ಬರ್ ಕೊಳವೆಯೇ ನಮ್ಮ ಸ್ಟೆತಾಸ್ಕೋಪು. ಹಿರಿಯರು ಎಂಜಿನ್ನನ್ನು ಚಾಲೂ ಮಾಡಲಿ. ಕೊಳವೆಯ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು, ಇನ್ನೊಂದು ತುದಿಯನ್ನು ಜೋಡಣೆಗಳಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಸಾಗಿಸುತ್ತ ಹೋದರೆ, ಸೋರಿಕೆಯ ಎದುರಿಗೆ ಬಂದೊಡನೆ ಸದ್ದು ತಟ್ಟನೆ ಏರುತ್ತದೆ. ವಾಲ್ವಿನ ಸದ್ದಾದರೆ ಎಂಜಿನ್ನಿನ ಮೇಲ್ಭಾಗದ ಮುಚ್ಚಳದ ಬಳಿ ಜೋರಾಗಿ ಕೇಳಿಸುತ್ತದೆ. ಹೀಗೆ ಎರಡನ್ನೂ ಬೇರ್ಪಡಿಸಬಹುದು. ಸೆರಗು, ದುಪಟ್ಟಾ, ಉದ್ದ ಕೂದಲು ಇವನ್ನು ಬಿಗಿಯಾಗಿ ಕಟ್ಟಿಕೊಂಡಿರಬೇಕು. ರೇಡಿಯೇಟರಿನ ಫ್ಯಾನು ಯಾವ ಗಳಿಗೆಯಲ್ಲಾದರೂ ತಾನಾಗಿಯೇ ತಿರುಗಲು ತೊಡಗಬಹುದು. ಮ್ಯಾನಿಫೋಲ್ಡು ಒಂದೆರಡು ನಿಮಿಷಗಳಲ್ಲಿ ಕೈ ಸುಡುವಷ್ಟು ಕಾಯುತ್ತದೆ. ಆದುದರಿಂದ ಮೂರು ನಾಲ್ಕು ನಿಮಿಷಕ್ಕೆ ಪರೀಕ್ಷೆಯನ್ನು ನಿಲ್ಲಿಸಬೇಕು.

ಮೋಸಗೊಳಿಸುವ ಚಿಹ್ನೆಗಳು

ಗುಳ್ಳೆ ಕಂಡಲ್ಲೆಲ್ಲ ದೋಷವೆಂದು ತಿಳಿಯಬಾರದು. ಅನೇಕ ಸೈಲೆನ್ಸರುಗಳ ತಳದಲ್ಲಿ, ನಾವು ಹಿಂದೆ ಹೇಳಿದ ನೀರು ಹೊರಹೋಗಲೆಂದು, ತಯಾರಕರೇ ಒಂದು ಸಣ್ಣ ತೂತನ್ನು ಇಟ್ಟಿರುತ್ತಾರೆ. ಬೆಳಗ್ಗೆ ಹಿಂಗೊಳವೆಯಿಂದ ನೀರು ತೊಟ್ಟಿಕ್ಕುವುದೂ ಸಹಜವೇ. ಗಾಳಿ ಊದುವಾಗ, ತೆರೆದಿರುವ ವಾಲ್ವಿನ ಮೂಲಕ ಸ್ವಲ್ಪ ಗಾಳಿ ಎಂಜಿನ್ನಿನೊಳಕ್ಕೆ ಹೋಗಿ ಏರ್ ಫಿಲ್ಟರಿನ ಕಡೆ ಹೊರಬರಬಹುದು, ಅದೂ ಸೋರಿಕೆಯಲ್ಲ. ಇನ್ನೊಂದು ಕಡೆ, ಹೊಗೆ ತಪಾಸಣೆಯ ಪತ್ರ ಕೈಯಲ್ಲಿದೆಯೆಂದು ನಿಶ್ಚಿಂತರಾಗುವುದೂ ತಪ್ಪು. ಆ ತಪಾಸಣೆಯಲ್ಲಿ ಅಳೆಯುವುದು ಹಿಂಗೊಳವೆಯ ತುದಿಯಲ್ಲಿ ಬಂದ ಅನಿಲವನ್ನು; ದಾರಿಯಲ್ಲೇ ಸೋರಿಹೋದದ್ದು ಅದರ ಲೆಕ್ಕಕ್ಕೆ ಸಿಗದು.

ಸಿಕ್ಕ ಮೇಲೆ ಏನು ಮಾಡಬೇಕು?

ಕಂಡುಹಿಡಿಯುವುದು ಮನೆಯ ಕೆಲಸ. ಸರಿಪಡಿಸುವುದು ಹೆಚ್ಚಾಗಿ ಮೆಕ್ಯಾನಿಕ್ಕಿನ ಕೆಲಸ. ತುಕ್ಕು ಹಿಡಿದ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಅದು ಎಂಜಿನ್ನಿನ ತಲೆಯೊಳಗೇ ಮುರಿದು ಕುಳಿತೀತು. ಸಾಮಾನ್ಯ ಅಂಟು, ಬಟ್ಟೆಯ ಪಟ್ಟಿ ಮುಂತಾದುವು ಆ ಶಾಖಕ್ಕೆ ನಿಲ್ಲವು; ಬಟ್ಟೆ ಹೊತ್ತಿಕೊಳ್ಳಲೂಬಹುದು. ಸೋರುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಒಯ್ದರೆ ಮೆಕ್ಯಾನಿಕ್ಕಿಗೂ ಉಪಕಾರ. ದುರಸ್ತಿಯಾಗಿ ಬಂದ ಮಾರನೆಯ ಬೆಳಗ್ಗೆ, ಎಂಜಿನ್ನು ತಣ್ಣಗಿರುವಾಗ, ನೊರೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಕಾದ ಎಂಜಿನ್ನಿನ ಮೌನವನ್ನು ನಂಬಬಾರದೆಂಬುದು ಈಗ ನಮಗೆ ಗೊತ್ತಿದೆಯಷ್ಟೆ.

ಪ್ರಯಾಣದ ನಡುವೆ ಒಬ್ಬರಿಗಿಂತ ಹೆಚ್ಚು ಮಂದಿಗೆ ತಲೆನೋವು, ತಲೆಸುತ್ತು, ಓಕರಿಕೆ, ಮಂಪರು ಬಂದರೆ ಅದನ್ನು ಘಾಟಿಯ ತಿರುವುಗಳ ಮೇಲೆ ಹೊರಿಸಿ ಸುಮ್ಮನಾಗಬಾರದು. ಕಿಟಕಿಗಳನ್ನೆಲ್ಲ ತೆರೆದು, ಕಾರನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಎಲ್ಲರೂ ಹೊರಕ್ಕೆ ಬರಬೇಕು. ವೈದ್ಯರ ಬಳಿಗೆ ಹೋಗಿ ಹೊಗೆಯ ಅನುಮಾನವನ್ನು ಬಾಯಿಬಿಟ್ಟು ಹೇಳಬೇಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರು ಇಲ್ಲಿ ಮೋಸ ಮಾಡುತ್ತದೆ: ಮಾನಾಕ್ಸೈಡು ಹಿಡಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಎಣಿಸಿ, ಎಲ್ಲವೂ ಸರಿಯಾಗಿದೆಯೆಂದು ತೋರಿಸುತ್ತದೆ. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಸೇರಿದ ಮಾನಾಕ್ಸೈಡು ಅರ್ಧಕ್ಕೆ ಇಳಿಯಲು ಸುಮಾರು ೪-೫ ಗಂಟೆಗಳು ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಅದು ಬಹಳ ಬೇಗ ಇಳಿಯುತ್ತದೆ. ನಿಂತ ಕಾರಿನಲ್ಲಿ ಕಿಟಕಿ ಮುಚ್ಚಿ, ಎಂಜಿನ್ನನ್ನೂ ತಂಪುಯಂತ್ರವನ್ನೂ ಓಡಿಸುತ್ತ ನಿದ್ರಿಸುವ ಅಭ್ಯಾಸವನ್ನು ಸಂಪೂರ್ಣವಾಗಿ ಬಿಡಬೇಕು.

ಬೆಳಗಿನ ಆ ಟಿಕ್ ಟಿಕ್ ಸದ್ದು ಒಂದು ಉಪಕಾರವೆಂದೇ ತಿಳಿಯಬೇಕು. ವಾಸನೆಯಿಲ್ಲದ, ಬಣ್ಣವಿಲ್ಲದ ವಿಷಕ್ಕೆ ಅಲ್ಲಿ ಒಂದು ದನಿಯಾದರೂ ಇದೆ. ಅದು ಅಡಗುವ ಮೊದಲೇ ಕಿವಿಗೊಡುವುದು ಜಾಣತನ.

ಅಭ್ಯಾಸ

೧. ಮೂರು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ೧,೦೦೦ ಸುತ್ತು ತಿರುಗುತ್ತಿದೆ. ಸೆಕೆಂಡಿಗೆ ಒಟ್ಟು ಎಷ್ಟು ಚಿಮ್ಮುಗಳು ಹೊರಬರುತ್ತವೆ?

೨. ೫೦ ಸೆಂಟಿಮೀಟರ್ ಉದ್ದದ ಎರಕದ ಕಬ್ಬಿಣದ ಕೊಳವೆ ೩೦೦ ಡಿಗ್ರಿಯಷ್ಟು ಹೆಚ್ಚು ಕಾದರೆ ಎಷ್ಟು ಹಿಗ್ಗುತ್ತದೆ?

೩. ಗಾಳಿಯಲ್ಲಿ ಮಾನಾಕ್ಸೈಡು ಶೇಕಡಾ ೦.೦೫ ಇದ್ದರೆ, ಬಹಳ ಹೊತ್ತಿನ ಮೇಲೆ ಹಿಮೋಗ್ಲೋಬಿನ್ನಿನ ಎಷ್ಟನೆಯ ಪಾಲು ಅದರ ವಶವಾಗುತ್ತದೆ?

ಉತ್ತರಗಳು: (೧) ೨೫. (೨) ೧.೮ ಮಿಲಿಮೀಟರ್. (೩) ಸುಮಾರು ಮೂರರಲ್ಲೊಂದು ಪಾಲು.